ಮೇಲ್ ಕಳಿಸಿದರೆ ಹೋಗುತ್ತದೆ, ಬರುವುದು ಮಾತ್ರ ನಿಂತಿದೆ

ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು. ಶಿರಸಿಯ ಒಂದು ಆಡಿಟರ್ ಆಫೀಸಿನಿಂದ. ಅಲ್ಲಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು ನಾನೇ. ಲೆಕ್ಕ ಬರೆಯುವ ಅಕ್ಕ ಮಾತಾಡಿದರು.

"ತಮ್ಮಾ, ಗುರುವಾರದಿಂದ ಒಂದೂ ಮೇಲ್ ಬಂದಿಲ್ಲ. ನಾವು ಕಳಿಸಿದ್ರೆ ಹೋಗ್ತದೆ. ಬರೋದು ಮಾತ್ರ ನಿಂತಿದೆ. ನಮ್ಮ ಹುಡುಗ ಅಕೌಂಟ್ ಡಿಲೀಟ್ ಮಾಡಿ ಮತ್ತೆ ಹಾಕೋಣ ಅಂತಿದಾನೆ."

"ಅಕ್ಕಾ, ಏನೂ ಮುಟ್ಟಬೇಡಿ. ಅವನಿಗೂ ಹೇಳಿ. ನಾನು ಬರ್ತೇನೆ" ಎಂದೆ. ಮಳೆ ಸುರಿಯುತ್ತಿತ್ತು. ರೇನ್‌ಕೋಟ್ ಹಾಕಿಕೊಂಡು ಹೊರಟೆ. ಬಹಳಷ್ಟು ಜನರಿಗೆ ಇನ್ಕಮ್ ಟ್ಯಾಕ್ಸ್ ರಿಟರ್ನ್ಸ್ ತುಂಬಲು ಸಾಮಾನ್ಯವಾಗಿ ಜುಲೈ 31 ಕಡೆಯ ದಿನ. ಅಂಥ ಸಮಯದಲ್ಲಿ ಆಡಿಟರ್ ಆಫೀಸಿಗೆ ಮೇಲ್ ಬರದಿದ್ದರೆ ಕೆಲಸವೇ ನಿಂತ ಹಾಗೆ.

ಮುಟ್ಟಬೇಡಿ ಅಂದಿದ್ದಕ್ಕೆ ಕಾರಣ ಇದೆ. ಈ ಆಫೀಸಿನವರು ಮೇಲ್ ನೋಡಲು ಬಳಸುವುದು ಥಂಡರ್‌ಬರ್ಡ್ ಎಂಬ ಪ್ರೋಗ್ರಾಂ. ಮೇಲ್ ತರಿಸುವುದು ಪಾಪ್ ವಿಧಾನದಲ್ಲಿ. ಐಮ್ಯಾಪ್ ಎಂಬ ಇನ್ನೊಂದು ವಿಧಾನ ಆದರೆ ಮೇಲ್ ಸರ್ವರ್‌ನಲ್ಲೇ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರ್‌ನಲ್ಲೇ ಇರುತ್ತದೆ, ನಮ್ಮ ಕಂಪ್ಯೂಟರ್‌ನಲ್ಲಿ ಕಾಣುವುದು ಅದರ ಪ್ರತಿ. ಪಾಪ್ ಹಾಗಲ್ಲ. ಅಂಚೆ ಕಚೇರಿಯಿಂದ ಕಾಗದ ಬಿಡಿಸಿಕೊಂಡು ಮನೆಗೆ ತಂದ ಹಾಗೆ. ಇವರ ಕಂಪ್ಯೂಟರ್‌ನಲ್ಲಿ 'ಸರ್ವರ್‌ನಲ್ಲಿ ಪ್ರತಿ ಉಳಿಸು' ಎಂಬ ಆಯ್ಕೆಯನ್ನು ಯಾರೋ ಎಂದೋ ತೆಗೆದುಬಿಟ್ಟಿದ್ದರು. ಅಂದರೆ ಒಂಬತ್ತು ವರ್ಷದ ಮೇಲ್ ಇದ್ದದ್ದು ಆ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ. ಅಕೌಂಟ್ ತೆಗೆಯುವಾಗ ಥಂಡರ್‌ಬರ್ಡ್ 'ಮೇಲ್‌ಗಳನ್ನೂ ಅಳಿಸಲೇ' ಎಂದು ಕೇಳುತ್ತದೆ. ಅವಸರದಲ್ಲಿ ಆ ಚೌಕಕ್ಕೆ ಟಿಕ್ ಬಿದ್ದರೆ ಎಲ್ಲ ಹೋಯಿತು. ಮೇಲ್ ಬರುತ್ತಿಲ್ಲ ಎಂದರೆ ಅಕೌಂಟ್ ತೆಗೆದು ಹಾಕುವುದು ಎಷ್ಟೋ ಜನರಿಗೆ ಮೊದಲು ಹೊಳೆಯುವ ಉಪಾಯ. ಪಾಪ್ ಇದ್ದಲ್ಲಿ ಅದು ಕಟ್ಟಕಡೆಗೆ ಬರಬೇಕಾದ ಉಪಾಯ.

ಹೋದ ಕೂಡಲೇ ಥಂಡರ್‌ಬರ್ಡ್ ಮುಚ್ಚಿ, ಮೇಲ್ ಎಲ್ಲ ಇರುವ ಅದರ ಪ್ರೊಫೈಲ್ ಫೋಲ್ಡರ್ ಇಡಿಯಾಗಿ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡೆ. ಆ ಫೋಲ್ಡರ್ ಎಲ್ಲಿದೆ ಎಂದು ಹುಡುಕಬೇಕಿಲ್ಲ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ಪುಟದಲ್ಲಿ ಅದನ್ನು ತೆರೆಯುವ ಗುಂಡಿ ಇದೆ. ಆರು ಜಿಬಿ ಕಾಪಿ ಆಗುವವರೆಗೆ ಬೇರೆ ಕೆಲಸ ಮಾಡಲಿಲ್ಲ.

ಆಮೇಲೆ ಬ್ರೌಸರ್‌ನಲ್ಲಿ ವೆಬ್‌ಮೇಲ್ ತೆರೆದೆ. ಯಾವ ಆಫೀಸಿಗೆ ಹೋದರೂ ನಾನು ಮೊದಲು ನೋಡುವುದು ಇದನ್ನೇ. ಮೇಲ್ ಸರ್ವರ್‌ವರೆಗೆ ಬಂದಿದೆಯೋ ಇಲ್ಲವೋ ಎಂಬುದು ಇಲ್ಲಿ ಒಂದೇ ನಿಮಿಷಕ್ಕೆ ತಿಳಿಯುತ್ತದೆ. ಇಲ್ಲೂ ಬಂದಿಲ್ಲ ಅಂದರೆ ಥಂಡರ್‌ಬರ್ಡ್, ಔಟ್‌ಲುಕ್ ಯಾವುದನ್ನೂ ಕೆದಕಿ ಪ್ರಯೋಜನ ಇಲ್ಲ. ಜಾಗ ತುಂಬಿರಬಹುದು. ಜಿಮೇಲ್‌ನಲ್ಲಿ ಪುಕ್ಕಟೆ ಸಿಗುವ 15 ಜಿಬಿ ಮೇಲ್‌ಗಷ್ಟೇ ಅಲ್ಲ, ಡ್ರೈವ್ ಮತ್ತು ಫೋಟೋಸ್‌ಗೂ ಸೇರಿದ್ದು. ಮೊಮ್ಮಗಳ ವಿಡಿಯೊ ತುಂಬಿ ಅಜ್ಜನ ಮೇಲ್ ನಿಂತದ್ದನ್ನು ನೋಡಿದ್ದೇನೆ. ಸ್ವಂತ ಡೊಮೈನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ತಮ್ಮದೇ ಹೆಸರು) ಇದ್ದವರು ಅದರ ವರ್ಷದ ಹಣ ಕಟ್ಟಲು ಮರೆತಿದ್ದರೂ ಹೀಗೇ ಆಗುತ್ತದೆ.

ಇಲ್ಲಿ ಹಾಗಿರಲಿಲ್ಲ. ವೆಬ್‌ಮೇಲ್‌ನಲ್ಲಿ 38 ಮೇಲ್ ಕಾದು ಕೂತಿದ್ದವು. ಎಲ್ಲಕ್ಕಿಂತ ಹಳೆಯದು ಗುರುವಾರ 11:52ರದ್ದು. ಥಂಡರ್‌ಬರ್ಡ್‌ಗೆ ಕೊನೆಯದಾಗಿ ಬಂದದ್ದು ಅದೇ ದಿನ 11:40ರದ್ದು. ಹಿಂದೆ ನಿಂತು ನೋಡುತ್ತಿದ್ದ ಆಡಿಟರ್ ಸರ್ ಗಾಬರಿಯಾದರು. "ಬರೀ 38 ಇದಾವಲ್ಲ, ನಮ್ಮ ಹಳೇದೆಲ್ಲ ಎಲ್ಲಿ ಹೋಯ್ತು?" ಬಿಡಿಸಿಕೊಂಡು ತಂದ ಕಾಗದ ಅಂಚೆ ಕಚೇರಿಯಲ್ಲಿ ಇರುವುದಿಲ್ಲ ಅಲ್ವಾ ಸರ್ ಎಂದು ಹೇಳಿ, ಈಗಷ್ಟೇ ಮಾಡಿಟ್ಟ ಬ್ಯಾಕಪ್ ತೋರಿಸಿದ ಮೇಲೆ ಅವರು ಕುರ್ಚಿಯಲ್ಲಿ ಕೂತರು.

ಇನ್ನು ಪಾಸ್‌ವರ್ಡ್. ಪಾಸ್‌ವರ್ಡ್ ಸರಿ ಇದ್ದರೂ ಮತ್ತೆ ಮತ್ತೆ ಕೇಳುವ ಕಾಯಿಲೆ ಈಚೆಗೆ ಜಾಸ್ತಿ. 2022ರ ಮೇ 30ರಿಂದ ಜಿಮೇಲ್ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಹಳೆಯ ಪ್ರೋಗ್ರಾಂಗಳನ್ನು ತಡೆಯಿತು. ಬ್ರೌಸರ್ ಕಿಟಕಿಯಲ್ಲಿ ಲಾಗಿನ್ ಆಗುವ ಓಆಥ್ ಬೇಕು. ಇಲ್ಲವಾದರೆ ಎರಡು ಹಂತದ ಭದ್ರತೆ ಹಾಕಿಕೊಂಡು 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಮೈಕ್ರೋಸಾಫ್ಟ್ ಕೂಡ ತನ್ನ ಖಾಸಗಿ ಔಟ್‌ಲುಕ್ ವಿಳಾಸಗಳಿಗೆ 2024ರ ಸೆಪ್ಟೆಂಬರ್ 16ರಿಂದ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಬರುವುದನ್ನು ತಡೆಯಿತು. ಆದರೆ ಈ ಆಫೀಸಿನಲ್ಲಿ ಪಾಸ್‌ವರ್ಡ್ ಕೇಳುತ್ತಲೇ ಇರಲಿಲ್ಲ. ಗಡಿಯಾರವನ್ನೂ ನೋಡಿದೆ, ಸರಿ ಇತ್ತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತಿರುತ್ತದೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲವೂ ತಾರೀಖು ಹಿಂದಕ್ಕೆ ಹೋಗುತ್ತದೆ. ಆಗ ಸರ್ವರ್‌ನ ಗುರುತಿನ ಚೀಟಿಯಂಥ ಸರ್ಟಿಫಿಕೇಟ್‌ಗೆ ಕಂಪ್ಯೂಟರ್ ಒಪ್ಪುವುದಿಲ್ಲ, ಮೇಲ್ ನಿಲ್ಲುತ್ತದೆ. ಸಣ್ಣ ಬ್ಯಾಟರಿಯೊಂದು ಬದಲಿಸಿ ಸರಿಯಾದ ಕೇಸ್ ನನ್ನ ಲೆಕ್ಕದಲ್ಲಿ ನಾಲ್ಕೈದಾದರೂ ಇವೆ.

ಥಂಡರ್‌ಬರ್ಡ್ ತೆರೆದು 'ಗೆಟ್ ಮೆಸೇಜಸ್' ಒತ್ತಿದೆ. ಕೆಳಗಿನ ಪಟ್ಟಿಯಲ್ಲಿ '38ರಲ್ಲಿ 1ನೇ ಮೇಲ್ ಬರುತ್ತಿದೆ' ಎಂದು ತೋರಿಸಿತು. ಅಷ್ಟೇ. ಗೆರೆ ಅಲುಗಾಡಲಿಲ್ಲ. ಗಡಿಯಾರ ನೋಡುತ್ತ ಕೂತೆ. ಒಂದೂವರೆ ನಿಮಿಷ ದಾಟಿದ ಮೇಲೆ ಸಂಪರ್ಕದ ಸಮಯ ಮೀರಿತು ಎಂದು ಸಂದೇಶ ಬಂತು. ಇನ್ನೊಮ್ಮೆ ಒತ್ತಿದೆ. ಮತ್ತೆ 38ರಲ್ಲಿ 1.

ಇಲ್ಲಿ ನನಗೆ ದಾರಿ ಕಾಣಿಸಿತು. ಪಾಪ್ ಮೇಲ್‌ಗಳನ್ನು ಒಂದಾದ ಮೇಲೊಂದರಂತೆ ತರುತ್ತದೆ. ಮೊದಲನೆಯದು ಸಿಕ್ಕಿಕೊಂಡರೆ ಹಿಂದಿನವೆಲ್ಲ ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದಿನ ಗಾಡಿಗಳ ಹಾಗೆ. ಮೇಲ್ ಕಳಿಸುವುದು ಬೇರೆ ದಾರಿ, ಬೇರೆ ಪೋರ್ಟ್, ಅಂದರೆ ಸರ್ವರ್‌ನ ಬೇರೆ ನಂಬರಿನ ಬಾಗಿಲು. ಸಾಮಾನ್ಯವಾಗಿ 587 ಅಥವಾ 465. ತರಿಸುವ ಪಾಪ್‌ಗೆ 995. ಅದಕ್ಕೇ ಕಳಿಸಿದ್ದು ಹೋಗುತ್ತಿತ್ತು.

ಆ ಮೊದಲ ಮೇಲ್‌ನಲ್ಲಿ ಏನಿದೆ? ಥಂಡರ್‌ಬರ್ಡ್ ಮುಚ್ಚಿ ನನ್ನ ಲ್ಯಾಪ್‌ಟಾಪ್ ತೆಗೆದೆ. ಅದರಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಓಪನ್‌ಎಸ್‌ಎಸ್‌ಎಲ್ ಎಂಬ ಪ್ರೋಗ್ರಾಂನಿಂದ ಸರ್ವರ್‌ನ 995ಕ್ಕೆ ನೇರವಾಗಿ ಸಂಪರ್ಕ ಕೊಟ್ಟೆ. ಇದರಲ್ಲಿ ಸರ್ವರ್‌ಗೆ ಆಜ್ಞೆಗಳನ್ನು ನಾವೇ ಬರೆದು ಕಳಿಸಬಹುದು. ಹೆಸರು, ಪಾಸ್‌ವರ್ಡ್ ಬರೆದರೆ ಮೇಲ್‌ಬಾಕ್ಸ್ ಲಾಕ್ ಆಗಿದೆ ಎಂದಿತು. ಇದು ಹೊಸ ತೊಂದರೆ ಅಲ್ಲ, ಪಾಪ್‌ನ ನಿಯಮವೇ ಹಾಗೆ. ಒಬ್ಬರು ಒಳಗಿದ್ದಾಗ ಇನ್ನೊಬ್ಬರಿಗೆ ಬಾಗಿಲಿಲ್ಲ. ಥಂಡರ್‌ಬರ್ಡ್‌ನ ಅರ್ಧಕ್ಕೆ ಹರಿದ ಸಂಪರ್ಕ ಇನ್ನೂ ಬದುಕಿದೆ ಎಂದು ಸರ್ವರ್ ನಂಬಿತ್ತು. ಸುಮ್ಮನಿರುವ ಸಂಪರ್ಕವನ್ನು ಸರ್ವರ್ ತಾನಾಗಿ ಕಡಿಯಬೇಕಾದರೆ ಕನಿಷ್ಠ 10 ನಿಮಿಷ ಕಾಯಬೇಕು ಎಂದು 1996ರಲ್ಲಿ ಬರೆದ ಪಾಪ್ ನಿಯಮದಲ್ಲೇ ಇದೆ. ಸುಮ್ನೆ ಮತ್ತೆ ಮತ್ತೆ ಒತ್ತಿ ಏನೂ ಆಗುವುದಿಲ್ಲ. ಅಕ್ಕ ಕಷಾಯ ಕೊಟ್ಟರು, ಕುಡಿದೆ.

ಹತ್ತು ನಿಮಿಷ ಕಳೆದು ಮತ್ತೆ ಪ್ರಯತ್ನಿಸಿದೆ, ಒಳಗೆ ಬಿಟ್ಟಿತು. 'ಸ್ಟ್ಯಾಟ್' ಎಂದು ಬರೆದೆ. 38 ಮೇಲ್, ಒಟ್ಟು ಸುಮಾರು 41 ಎಂಬಿ. 'ಲಿಸ್ಟ್' ಎಂದು ಬರೆದೆ. ಮೊದಲ ಸಾಲಿನಲ್ಲೇ 1, ಅದರ ಮುಂದೆ 27841233. ಇದು ಬೈಟ್ ಲೆಕ್ಕ. ಒಂದೇ ಮೇಲ್ ಹತ್ತಿರ 28 ಎಂಬಿ. ಉಳಿದ 37 ಎಲ್ಲ ಸೇರಿ ಅದರ ಅರ್ಧವೂ ಇಲ್ಲ.

ಮೇಲ್ ತರಿಸುವ ಆಜ್ಞೆ 'ರೆಟ್ರ್' (RETR). ಅದನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯಬಾರದು. ದೊಡ್ಡಕ್ಷರದ 'ಆರ್' ಸಾಲಿನ ಮೊದಲಿಗೆ ಬಂದರೆ ಓಪನ್‌ಎಸ್‌ಎಸ್‌ಎಲ್ ಅದನ್ನು ಸರ್ವರ್‌ಗೆ ಕಳಿಸದೆ ತನಗೇ ಕೊಟ್ಟ ಆಜ್ಞೆ ಎಂದು ತಿಳಿಯುತ್ತದೆ. 'ಕ್ಯೂ' ಬಂದರೂ ಅಷ್ಟೇ, ಸಂಪರ್ಕ ಕಡಿದುಬಿಡುತ್ತದೆ. ಸಣ್ಣಕ್ಷರದಲ್ಲಿ ಬರೆದರೆ ತೊಂದರೆ ಇಲ್ಲ, ಸರ್ವರ್‌ಗೆ ಎರಡೂ ಒಂದೇ. ಸಣ್ಣಕ್ಷರದಲ್ಲಿ 'ರೆಟ್ರ್ 1' ಎಂದು ಕೊಟ್ಟೆ. ಕೂಡಲೇ ಪರದೆಯ ತುಂಬ ಅಕ್ಷರಗಳು ಉರುಳತೊಡಗಿದವು. ಎರಡು ನಿಮಿಷಕ್ಕೆ ಸ್ವಲ್ಪ ಮೊದಲು ಮುಗಿಯಿತು. ಮೇಲ್ ಕೆಟ್ಟಿಲ್ಲ, ಸರ್ವರ್ ಸರಿ ಇದೆ, ನೆಟ್ ಕೂಡ ಇದೆ. ಹಾಗಾದರೆ ತಡೆ ಇರುವುದು ಆ ಆಫೀಸ್ ಕಂಪ್ಯೂಟರ್‌ನ ಒಳಗೇ.

ಥಂಡರ್‌ಬರ್ಡ್‌ನ ಸರ್ಟಿಫಿಕೇಟ್ ಪಟ್ಟಿ ತೆರೆದೆ. ಆಂಟಿವೈರಸ್‌ನ ಹೆಸರು ಅಲ್ಲಿ ಕೂತಿತ್ತು. ಅದು ಥಂಡರ್‌ಬರ್ಡ್ ಮತ್ತು ಸರ್ವರ್ ನಡುವೆ ನಿಂತು, ಬರುವ ಪ್ರತಿ ಮೇಲನ್ನೂ ಮೊದಲು ತಾನು ಪೂರ್ತಿ ಇಳಿಸಿಕೊಂಡು, ಪರೀಕ್ಷಿಸಿ, ಆಮೇಲೆ ಒಳಗೆ ಬಿಡುತ್ತಿತ್ತು. ಅಲ್ಲಿಯವರೆಗೆ ಥಂಡರ್‌ಬರ್ಡ್‌ಗೆ ಒಂದು ಬೈಟ್ ಕೂಡ ಸಿಗುವುದಿಲ್ಲ. ಏನೂ ಬರದೆ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಥಂಡರ್‌ಬರ್ಡ್‌ನಲ್ಲಿ ಒಂದು ಮಿತಿ ಇದೆ. ಮೊದಲಿನಿಂದ ಅದು 100 ಸೆಕೆಂಡ್.

ಆದರೆ ಆಂಟಿವೈರಸ್ ಎರಡು ವರ್ಷದಿಂದ ಇತ್ತು. ಈಗಲೇ ಏಕೆ?

"ಅಕ್ಕಾ, ಗುರುವಾರ ಇಲ್ಲಿ ಏನಾದರೂ ಬದಲಾಯ್ತಾ?"

"ಕಂಪ್ಯೂಟರ್‌ದೇನೂ ಇಲ್ಲಪ್ಪ. ಬೆಳಿಗ್ಗೆ ಮರ ಬಿದ್ದು ಕೇಬಲ್ ಕಡಿದು ಹೋಯ್ತು. ಸರ್ ಫೋನಿಂದ ಹಾಟ್‌ಸ್ಪಾಟ್ ಹಾಕ್ಕೊಂಡು ನಡೆಸ್ತಾ ಇದೀವಿ. ನೆಟ್ ಅಂತೂ ಬರ್ತಿದೆ."

ಎಲ್ಲ ಕೂಡಿ ಬಂತು. ವೇಗ ಅಳೆದರೆ ಸೆಕೆಂಡಿಗೆ 2 ಮೆಗಾಬಿಟ್. ಎಂಟು ಬಿಟ್ ಸೇರಿ ಒಂದು ಬೈಟ್, ಅಂದರೆ ಸೆಕೆಂಡಿಗೆ ಕಾಲು ಎಂಬಿ. 28 ಎಂಬಿ ಇಳಿಯಲು 110 ಸೆಕೆಂಡ್ ಬೇಕು. ಥಂಡರ್‌ಬರ್ಡ್ ಕಾಯುವುದು 100. ಹತ್ತು ಸೆಕೆಂಡ್ ಕಡಿಮೆ ಬಿದ್ದು ಎರಡು ದಿನದ ಮೇಲ್ ನಿಂತಿತ್ತು. ಗುರುವಾರ ಬೆಳಿಗ್ಗೆ ಸಣ್ಣ ಮೇಲ್‌ಗಳು ಹಾಟ್‌ಸ್ಪಾಟ್‌ನಲ್ಲೂ ಬಂದಿದ್ದವು. 11:52ಕ್ಕೆ ಈ ದೊಡ್ಡದು ಬಂದು ಬಾಗಿಲಿಗೆ ಅಡ್ಡ ಕೂತಿತು. ಅದು ಒಬ್ಬ ಕಕ್ಷಿದಾರರು ಕಳಿಸಿದ ಜಮೀನಿನ ಕ್ರಯಪತ್ರದ ಸ್ಕ್ಯಾನ್. ಅವರ ಕಡೆ ಪಿಡಿಎಫ್ 20 ಎಂಬಿ ಇತ್ತಂತೆ. ಮೇಲ್‌ನಲ್ಲಿ ಫೈಲ್ ಹೋಗಬೇಕಾದರೆ ಅದನ್ನು ಅಕ್ಷರಗಳಾಗಿ ಬದಲಿಸುತ್ತಾರೆ. ಹಾಗೆ ಬದಲಿಸಿದಾಗ ಗಾತ್ರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. 20 ಎಂಬಿ 28 ಆದದ್ದು ಹೀಗೆ.

ಆಡಿಟರ್ ಸರ್‌ಗೆ ಕೂಡಲೇ ಬೇಕಿದ್ದದ್ದು ಉಳಿದ 37. ವೆಬ್‌ಮೇಲ್‌ನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ದೊಡ್ಡ ಮೇಲನ್ನು ಇನ್‌ಬಾಕ್ಸ್‌ನಿಂದ ಅಲ್ಲಿಗೆ ಸರಿಸಿದೆ. ಪಾಪ್‌ಗೆ ಕಾಣುವುದು ಇನ್‌ಬಾಕ್ಸ್ ಮಾತ್ರ. ಥಂಡರ್‌ಬರ್ಡ್‌ನಲ್ಲಿ ಗುಂಡಿ ಒತ್ತಿದೆ. 37ರಲ್ಲಿ 1, 2, 3 ಎಂದು ಓಡತೊಡಗಿತು. ಅಕ್ಕ ಒಂದೊಂದೇ ಹೆಸರು ಓದುತ್ತ, "ಇದು ಬೇಕಿತ್ತು, ಇದೂ ಬೇಕಿತ್ತು" ಎನ್ನುತ್ತಿದ್ದರು.

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಆದರೆ ನಾಳೆ ಇನ್ನೊಬ್ಬರು 20 ಎಂಬಿ ಕಳಿಸಿದರೆ ಮತ್ತೆ ಇದೇ ಗತಿ. ಥಂಡರ್‌ಬರ್ಡ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ತೋರಿಸುವ ಕಾನ್ಫಿಗ್ ಎಡಿಟರ್‌ನಲ್ಲಿ 'ಟಿಸಿಪಿ ಟೈಮ್‌ಔಟ್' ಎಂದು ಹುಡುಕಿ, ಮೇಲ್‌ಗೆ ಸೇರಿದ ಸಾಲಿನಲ್ಲಿ 100 ಇದ್ದದ್ದನ್ನು 300 ಮಾಡಿದೆ. ಬೇರೆ ಏನನ್ನೂ ಬದಲಿಸಲಿಲ್ಲ. ಎರಡು ಮೂರು ಕಡೆ ಒಟ್ಟಿಗೆ ಕೈ ಹಾಕಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಆಮೇಲೆ ದೊಡ್ಡ ಮೇಲನ್ನು ವೆಬ್‌ಮೇಲ್‌ನಲ್ಲಿ ಮತ್ತೆ ಇನ್‌ಬಾಕ್ಸ್‌ಗೆ ತಂದೆ. ಹಾಟ್‌ಸ್ಪಾಟ್ ಹಾಗೇ ಇರಲಿ ಎಂದೆ.

1ರಲ್ಲಿ 1. ಗೆರೆ ಅಲುಗಾಡಲಿಲ್ಲ. 100 ಸೆಕೆಂಡ್ ದಾಟಿತು. 110 ದಾಟಿತು. ಎರಡು ನಿಮಿಷಕ್ಕೆ ಗೆರೆ ಒಮ್ಮೆಲೇ ತುಂಬಿ, ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಮೇಲ್ ಬಂದು ಕೂತಿತು.

ಹೊರಡುವ ಮೊದಲು ಇನ್ನೆರಡು ಕೆಲಸ ಮಾಡಿದೆ. 'ಸರ್ವರ್‌ನಲ್ಲಿ ಪ್ರತಿ ಉಳಿಸು' ಆಯ್ಕೆಯನ್ನು 14 ದಿನಕ್ಕೆ ಹಾಕಿದೆ. ಇನ್ನು ಮುಂದೆ ಎರಡು ವಾರದ ಮೇಲ್ ಆದರೂ ಸರ್ವರ್‌ನಲ್ಲಿ ಇರುತ್ತದೆ. ಆಂಟಿವೈರಸ್‌ನಲ್ಲಿ ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರನ್ನು ಮುಟ್ಟದಂತೆ ಮಾಡಿದೆ. ಥಂಡರ್‌ಬರ್ಡ್ ಸಾಮಾನ್ಯವಾಗಿ ಇನ್‌ಬಾಕ್ಸ್ ಪೂರ್ತಿ ಒಂದೇ ಫೈಲಿನಲ್ಲಿ ಇಡುತ್ತದೆ. ಯಾವುದೋ ಒಂದು ಮೇಲ್‌ನಲ್ಲಿ ವೈರಸ್ ಕಂಡು ಆಂಟಿವೈರಸ್ ಆ ಫೈಲನ್ನೇ ಎತ್ತಿ ಪ್ರತ್ಯೇಕ ಇಟ್ಟರೆ ಇನ್‌ಬಾಕ್ಸ್ ಖಾಲಿ. ಬರುವ ದಾರಿಯಲ್ಲಿ ಪರೀಕ್ಷೆ ನಡೆಯುತ್ತದೆ, ಲಗತ್ತು ತೆರೆಯುವಾಗಲೂ ನಡೆಯುತ್ತದೆ. ನನ್ನ ಪ್ರಕಾರ ಅಷ್ಟು ಸಾಕು.

ಅಷ್ಟರಲ್ಲಿ ಅಕ್ಕ ಕ್ರಯಪತ್ರವನ್ನು ಪ್ರಿಂಟ್‌ಗೆ ಕೊಟ್ಟಿದ್ದರು. ಹೊರಗೆ ಮಳೆ ನಿಂತಿರಲಿಲ್ಲ. ಕೇಬಲ್‌ನವರು ಸೋಮವಾರ ಬರುತ್ತೇವೆ ಎಂದಿದ್ದಾರಂತೆ.