ಮನೆಯಿಂದ ಕೊಟ್ಟಿಗೆಗೆ ಕರೆಂಟು: ಗೊರಜು ನೆಲದ ಅರ್ತಿಂಗನ್ನೇ ನಂಬಬೇಡಿ

ಕೋಲಾರದ ಸುತ್ತಮುತ್ತ ಹಸು ಕಟ್ಟಿರುವ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಗೆ ಕರೆಂಟು ಹೋಗಿರುವ ರೀತಿ ಒಂದೇ: ಅಡುಗೆಮನೆ ಪ್ಲಗ್ಗಿನಿಂದ ಎಳೆದ ಸಣ್ಣ ವೈರು, ನಡುವೆ ಟೇಪು ಸುತ್ತಿದ ಎರಡು ಗಂಟು, ಕೊನೆಗೆ ಕಬ್ಬಿಣದ ಕಂಬಕ್ಕೆ ಕಟ್ಟಿದ ಬಲ್ಬು. ಬಲ್ಬಿಗೆ ಹೇಗೋ ನಡೆಯುತ್ತೆ. ಅದೇ ವೈರಿಗೆ ಮೇವು ಕತ್ತರಿಸುವ ಮಷೀನು, ಹಾಲು ಕರೆಯುವ ಮಷೀನು ಸೇರಿದಾಗ ತಾಪತ್ರಯ ಶುರು.

ಮೊದಲು ಲೋಡು ಲೆಕ್ಕ ಹಾಕಿ. 2 ಎಚ್‌ಪಿ ಸಿಂಗಲ್ ಫೇಸ್ ಮೋಟರು ಓಡುವಾಗ ಸುಮಾರು 10-11 ಆಂಪ್ಸ್ ಎಳೆಯುತ್ತೆ, ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ಐದಾರು ಪಟ್ಟು. ಮನೆಯ ಮಂಜೂರಾದ ಲೋಡು ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ‘ಪಂಪ್‌ಸೆಟ್ ಲೈನ್ ಪಕ್ಕದಲ್ಲೇ ಇದೆ, ಅದೂ ಫ್ರೀ’ ಅಂತ ಅದರಿಂದ ಎಳೆಯಬೇಡಿ. ಅದು ನೀರೆತ್ತಲು ಕೊಟ್ಟ ಕರೆಂಟು. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ದಂಡದ ಬಿಲ್ಲು ಬರುತ್ತೆ.

ಮೀಟರ್ ಪಕ್ಕದ ಮೇನ್ ಬೋರ್ಡಿನಿಂದ ಕೊಟ್ಟಿಗೆಗೇ ಬೇರೆ ಲೈನ್ ತೆಗೆಸಿ, ಅದಕ್ಕೆ 16 ಆಂಪ್ಸಿನ ‘ಸಿ’ ಕರ್ವ್ (ಮೋಟರು ಸ್ಟಾರ್ಟ್ ಆಗುವಾಗಿನ ಎಳೆತಕ್ಕೆ ಬೀಳದ) ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಹಾಕಿಸಿ. 40 ಮೀಟರ್ ದೂರಕ್ಕೆ 4 ಸ್ಕ್ವೇರ್ ಎಂಎಂ ತಾಮ್ರದ ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ಒಳ್ಳೆಯದು. ಎರಡೂವರೆ ಅಡಿ ಆಳದ ಕಾಲುವೆಯಲ್ಲಿ ಮರಳು ಹಾಸಿ ಕೇಬಲ್ ಇಟ್ಟು, ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ ಜೋಡಿಸಿ ಮುಚ್ಚಿ. ಕಾಲುವೆ ನೀವೇ ತೋಡಬಹುದು. ಬೋರ್ಡಿಗೆ ಜೋಡಿಸುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಇನ್ನು ಅರ್ತಿಂಗ್. ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಪೈಪು ಇಳಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ನಮ್ಮ ಗೊರಜು ನೆಲ ಬೇಸಿಗೆಗೆ ಒಣಗಿದಾಗ ಕತೆ ಬೇರೆ. ಮಷೀನಿನ ಮೈಗೆ ಕರೆಂಟು ಇಳಿಯಿತು ಅನ್ನಿ. ಅರ್ತಿನ ತಡೆ 5 ಓಮ್ ಇದ್ದರೆ 230 ವೋಲ್ಟಿಗೆ 46 ಆಂಪ್ಸ್ ನೆಲಕ್ಕೆ ಹರಿದು, ಕೆಲವು ಸೆಕೆಂಡ್ ತಡವಾಗಿಯಾದರೂ ಎಂಸಿಬಿ ಬೀಳುತ್ತೆ. ನೆಲ ಒಣಗಿ ಆ ತಡೆ 20 ಓಮ್ ಆಯಿತೋ, ಹರಿಯುವುದು ಹೆಚ್ಚೆಂದರೆ ಹನ್ನೊಂದೂವರೆ. 16 ಆಂಪ್ಸಿನ ಎಂಸಿಬಿ ಬೀಳುವುದೇ ಇಲ್ಲ. ಮಷೀನು ಶಾಕ್ ಹೊಡೆಯುತ್ತಲೇ ನಿಂತಿರುತ್ತೆ. ಅದಕ್ಕೇ ಎಂಸಿಬಿ ಜೊತೆಗೆ, ಮನೆ ಬೋರ್ಡಿನಲ್ಲೇ, ಈ ಲೈನಿಗೆಂದೇ, ಕರೆಂಟು ನೆಲಕ್ಕೆ ಸೋರಿದೊಡನೆ ಬಿದ್ದು ಲೈನ್ ಕಡಿಯುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ ಬೇಕು. ಖರ್ಚು ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ. ಈ ಲೈನಿನ ನ್ಯೂಟ್ರಲ್ಲನ್ನು ಮನೆಯ ಬೇರೆ ನ್ಯೂಟ್ರಲ್ ಜೊತೆ ಸೇರಿಸಿದರೆ ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತಿರುತ್ತೆ. ಆಗ ‘ಇದೇ ಸರಿಯಿಲ್ಲ’ ಅಂತ ಕಿತ್ತು ಎಸೆಯುವವರೂ ಉಂಟು.

ಆರ್‌ಸಿಸಿಬಿ ಇದೆಯೆಂದು ಅರ್ತ್ ಬಿಡುವಂತಿಲ್ಲ. ಕಬ್ಬಿಣದ ಕಂಬ, ಗೊಂತಿನ ಪೈಪು, ಮೋಟರಿನ ಮೈ ಎಲ್ಲವನ್ನೂ ಅರ್ತ್ ವೈರಿಗೆ ಸೇರಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ಗಂಜಲದ ಒದ್ದೆಯಲ್ಲಿ ನಾಲ್ಕು ಕಾಲೂರಿ ನಿಂತ ಹಸುವಿಗೆ, ನಮ್ಮ ಕೈಗೆ ಗೊತ್ತಾಗದಷ್ಟು ಕರೆಂಟೂ ತಟ್ಟುತ್ತೆ. ನೀರಿನ ತೊಟ್ಟಿಗೆ ಬಾಯಿಟ್ಟು ತಟ್ಟನೆ ಹಿಂದೆ ಸರಿದರೆ ಕಾಯಿಲೆಯೆಂದು ಔಷಧಿ ತರುವ ಮುಂಚೆ ಲೈನ್ ಆಫ್ ಮಾಡಿ ನೋಡಿ.

ಸ್ವಿಚ್ ಬೋರ್ಡು ಕೊಂಬು, ನಾಲಿಗೆಗೆ ಎಟುಕದ ಎತ್ತರದಲ್ಲಿ, ನೀರು ನುಗ್ಗದ ಡಬ್ಬಿಯೊಳಗೆ, ಹುಲ್ಲಿನಿಂದ ದೂರ ಇರಲಿ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಬೀಳದಿದ್ದರೆ ಹೊಸದು ಹಾಕಿಸುವವರೆಗೂ ಆ ಲೈನ್ ಬಂದ್. ಹಾಲು ಕೈಯಲ್ಲೇ ಕರೆಯಿರಿ.