ರಜೆಗೆ ಊರಿಗೆ ಹೊರಟಿರಾ? ರೂಮಿನ ಕತೆ ಏನು?

ಕೊನೆಯ ಪೇಪರ್ ಬರೆದ ಸಂಜೆಯೇ ಊರಿನ ಬಸ್ ಹತ್ತುವವರು ಜಾಸ್ತಿ. ರೂಮಿನ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟುಬಿಡುತ್ತಾರೆ. ಆದರೆ ಬೆಂಗಳೂರಿನಂಥ ಊರಲ್ಲಿ ಎರಡು ತಿಂಗಳು ರೂಮಿಗೆ ಸುಮ್ನೆ ಬೀಗ ಜಡಿದರೂ ಬಾಡಿಗೆ ಓಡುತ್ತಲೇ ಇರುತ್ತದೆ. ಅದು ಮನೆಯವರು ಕಷ್ಟಪಟ್ಟು ಕಳಿಸುವ ದುಡ್ಡು. ಅದನ್ನು ಉಳಿಸಬೇಕು ಅಂದರೆ ಪರೀಕ್ಷೆ ಶುರುವಾಗುವ ಮೊದಲೇ ಈ ಕೆಲಸಕ್ಕೆ ಕೈ ಹಾಕಿ.

ಹೆಜ್ಜೆ 1: ಅಗ್ರಿಮೆಂಟ್ ಓದಿ

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಅದಕ್ಕೇ ಹೆಚ್ಚಿನ ಅಗ್ರಿಮೆಂಟ್‌ಗಳು 11 ತಿಂಗಳಿನವು. ಆಗಸ್ಟ್‌ನಲ್ಲಿ ಮನೆ ಹಿಡಿದಿದ್ದರೆ ಜೂನ್ ಕೊನೆಗೆ ಅವಧಿ ಮುಗಿಯಿತು. ಅಂದರೆ ಬಿಡಬೇಕೋ ಮುಂದುವರಿಸಬೇಕೋ ಎಂಬ ಮಾತು ಹೇಗೂ ರಜೆಯ ಹೊತ್ತಿಗೇ ಬರುತ್ತದೆ. ಎಷ್ಟು ದಿನ ಮೊದಲು ತಿಳಿಸಬೇಕು, ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಬೇರೆಯವರನ್ನು ಇರಿಸಬಹುದೇ ಎಂಬುದನ್ನು ನೋಡಿಕೊಳ್ಳಿ. ಪಿಜಿಯಲ್ಲಿ ಬಾಯಿಮಾತಲ್ಲೇ ಎಲ್ಲ ನಡೆದಿದ್ದರೆ, ಈಗಲಾದರೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿ ಉತ್ತರ ತರಿಸಿಕೊಳ್ಳಿ.

ಹೆಜ್ಜೆ 2: ಲೆಕ್ಕ ಹಾಕಿ

ಪಿಜಿಗೆ ತಿಂಗಳಿಗೆ 9,000 ರೂಪಾಯಿ ಅಂದುಕೊಳ್ಳಿ. ಎರಡು ತಿಂಗಳಿಗೆ 18,000. ಖಾಲಿ ಮಾಡಿದರೆ ಅಡ್ವಾನ್ಸ್‌ನಲ್ಲಿ ಮೇಂಟೆನೆನ್ಸ್ ಅಂತ ಹಿಡಿಯುವುದು, ಸಾಮಾನು ಸಾಗಿಸುವ ಖರ್ಚು, ಹೊಸ ಜಾಗ ಹುಡುಕುವ ಓಡಾಟ ಎಲ್ಲ ಸೇರಿ 8,000 ಆದೀತು ಎಂದರೆ ಖಾಲಿ ಮಾಡುವುದೇ ಲೇಸು. ಅದಕ್ಕೂ ಮೊದಲು ಮಾಲೀಕರನ್ನು ಒಂದು ಮಾತು ಕೇಳಿ: ‘ಅಂಕಲ್, ಎರಡು ತಿಂಗಳು ಊಟ ಇರಲ್ಲ, ಬೆಡ್ ಇಟ್ಕೊಂಡಿರಿ, ಎಷ್ಟು ಕೊಡಲಿ?’ ಕೇಳಲು ಸಂಕೋಚ ಬೇಡ. ಎಲ್ಲರೂ ಒಪ್ಪಲಿಕ್ಕಿಲ್ಲ, ಆದರೆ ಒಪ್ಪುವವರೂ ಇದ್ದಾರೆ.

ಗೆಳೆಯರೆಲ್ಲ ಸೇರಿ ಮನೆ ಮಾಡಿದ್ದರೆ, ಊರಿಗೆ ಹೋಗುವವರು ಬಾಡಿಗೆಯ ಪಾಲು ಕೊಡಬೇಕು. ಕರೆಂಟು, ರೇಷನ್ನು, ಅಡುಗೆಯವರ ಸಂಬಳ ಉಳಿದವರದು. ಹೊರಡುವ ಮೊದಲೇ ಇದನ್ನು ಮಾತಾಡಿಕೊಂಡರೆ ಸ್ನೇಹ ಕೆಡುವುದಿಲ್ಲ.

ಹೆಜ್ಜೆ 3: ಬೇರೆಯವರಿಗೆ ಬಿಟ್ಟುಕೊಡುವುದಾದರೆ

ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಬರುವವರು ಜಾಗ ಹುಡುಕುತ್ತಿರುತ್ತಾರೆ. ಆದರೆ ಮಾಲೀಕರು ಬರಹದಲ್ಲಿ ಒಪ್ಪದೆ ಯಾರಿಗೂ ಕೀಲಿ ಕೊಡಬೇಡಿ. ಹೊಸಬರ ಗುರುತಿನ ಚೀಟಿಯ ಪ್ರತಿ ಮಾಲೀಕರ ಕೈ ಸೇರಲಿ, ಬಾಡಿಗೆ ಮೊದಲೇ ನಿಮ್ಮ ಕೈ ಸೇರಲಿ. ಅವರು ಏನಾದರೂ ಒಡೆದರೆ ಕಡಿತವಾಗುವುದು ನಿಮ್ಮ ಅಡ್ವಾನ್ಸ್‌ನಲ್ಲೇ.

ಹೆಜ್ಜೆ 4: ಬೀಗ ಹಾಕಿ ಹೋಗುವುದಾದರೆ

ರಜೆ ಮುಗಿಯುವಷ್ಟರಲ್ಲಿ ಮಳೆ ಬಂದಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಮೊದಲು ಬೂಷ್ಟು ಹಿಡಿಯುವುದು ಹಾಸಿಗೆಗೆ. ಅದನ್ನು ಬಿಸಿಲಿಗೆ ಹಾಕಿ, ಆಮೇಲೆ ಗೋಡೆಗೆ ತಾಗದಂತೆ ಇಡಿ. ಪುಸ್ತಕದ ಡಬ್ಬ ನೆಲದ ಮೇಲೆ ಬೇಡ, ಅಟ್ಟಕ್ಕೋ ಮಂಚಕ್ಕೋ ಏರಿಸಿ. ಫ್ರಿಜ್ ಪೂರ್ತಿ ಖಾಲಿ ಮಾಡಿ, ಆಫ್ ಮಾಡಿ, ಒಳಗೆ ಒರೆಸಿ, ಬಾಗಿಲಿಗೆ ಬಟ್ಟೆಯ ಮಡಿಕೆ ಸಿಕ್ಕಿಸಿ ತುಸು ತೆರೆದೇ ಬಿಡಿ. ಮುಚ್ಚಿಬಿಟ್ಟರೆ ಒಳಗಿನ ತೇವಕ್ಕೆ ಕಪ್ಪು ಕಲೆ ಹಿಡಿದು, ಆ ವಾಸನೆ ತಿಂಗಳಾದರೂ ಹೋಗುವುದಿಲ್ಲ. ಬಚ್ಚಲು, ಸಿಂಕಿನ ತೂತು ಮುಚ್ಚಿ, ಇಲ್ಲವಾದರೆ ಜಿರಳೆಗಳದ್ದೇ ರಾಜ್ಯ. ಅಕ್ಕಿ, ಬೇಳೆ ಉಳಿದಿದ್ದರೆ ವಾಚ್‌ಮನ್ ಮನೆಗೆ ಕೊಟ್ಟುಬಿಡಿ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ನೀರಿನ ನಲ್ಲಿ ಮತ್ತೆ ನೋಡಿ.

ಅಂಕಪಟ್ಟಿ, ಲ್ಯಾಪ್‌ಟಾಪ್ ಮಾತ್ರ ರೂಮಿನಲ್ಲಿ ಬಿಡಲೇಬೇಡಿ.

ಹೆಜ್ಜೆ 5: ಖಾಲಿ ಮಾಡುವುದಾದರೆ

ರೈಲಿನ ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆಜಿ ಸಾಮಾನು ಉಚಿತ. ಬೈಕನ್ನು ಪಾರ್ಸೆಲ್‌ನಲ್ಲಿ ಕಳಿಸಬಹುದು, ಆದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿರಬೇಕು, ಆರ್‌ಸಿ ಪ್ರತಿ ಇರಬೇಕು. ಗ್ಯಾಸ್ ಸಿಲಿಂಡರ್ ಮಾತ್ರ ರೈಲಿಗೆ ಒಯ್ಯುವಂತಿಲ್ಲ.

ರೂಮಿನಿಂದ ಸಾಮಾನು ಹೊರಗಿಟ್ಟ ಮೇಲೆ ಮಾಲೀಕರನ್ನು ಕರೆದು ಜೊತೆಯಲ್ಲೇ ಮನೆ ಸುತ್ತಿ. ಗೋಡೆ, ನಲ್ಲಿ, ಫ್ಯಾನು ಎಲ್ಲದರ ವಿಡಿಯೊ, ಮೀಟರ್ ರೀಡಿಂಗ್‌ನ ಫೋಟೊ ತೆಗೆದುಕೊಳ್ಳಿ. ‘ಊರಿಗೆ ಹೋಗಿ, ಅಡ್ವಾನ್ಸ್ ಹಾಕ್ತೀನಿ’ ಎಂಬ ಅವರ ಮಾತಿಗೆ ತಲೆಯಾಡಿಸಿ ಹೊರಡಬೇಡಿ. ಎಷ್ಟು ಕಡಿತ, ಯಾತಕ್ಕೆ, ಉಳಿದದ್ದು ಯಾವ ತಾರೀಕಿಗೆ ಎಂಬುದು ಮೆಸೇಜಿನಲ್ಲಿ ಬರಲಿ. ಆಗುವುದಾದರೆ, ದುಡ್ಡು ಖಾತೆಗೆ ಬಿದ್ದ ಮೇಲೆಯೇ ಕೀಲಿ ಕೊಡಿ.