ತೋಟದ ಪಂಪ್‌ಸೆಟ್, ಕ್ಯಾಮೆರಾಗೆ ಸಿಮ್ ಹಾಕುವ ಮುನ್ನ

ಬೋರ್‌ವೆಲ್ ಮೋಟಾರನ್ನು ಮನೆಯಿಂದಲೇ ಆನ್-ಆಫ್ ಮಾಡಲು ಮೊಬೈಲ್ ಸ್ಟಾರ್ಟರ್ ಹಾಕಿಸುವವರು ಮೊದಲು ಅದು 2ಜಿನಾ, 4ಜಿನಾ ಎಂದು ಕೇಳಿಕೊಳ್ಳಿ. 2ಜಿ ಸ್ಟಾರ್ಟರ್‌ಗೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡಲ್ಲ, ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ. ಕರೆ, ಎಸ್‌ಎಂಎಸ್‌ನಲ್ಲಿ ನಡೆಯುವ ಸ್ಟಾರ್ಟರ್‌ಗೆ ಡೇಟಾ ಬೇಕಾಗಿಲ್ಲ, ಡೇಟಾ ಪ್ಯಾಕ್ ಹಾಕಿಸಿದರೆ ಸುಮ್ನೆ ದುಡ್ಡು ದಂಡ.

ಕ್ಯಾಮೆರಾ ಲೆಕ್ಕವೇ ಬೇರೆ. ವಿಡಿಯೋ 1 ಎಂಬಿಪಿಎಸ್‌ (ಸೆಕೆಂಡಿಗೆ 1 ಮೆಗಾಬಿಟ್) ವೇಗದಲ್ಲಿ ಬಿಡದೆ ಓಡಿದರೆ ದಿನಕ್ಕೆ ಸುಮಾರು 10.8 ಜಿಬಿ ಬೇಕು. ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕ್ ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಖಾಲಿ! ಅದಕ್ಕೇ ರೆಕಾರ್ಡಿಂಗ್ ಮೆಮೊರಿ ಕಾರ್ಡ್‌ಗೆ ಹೋಗಲಿ. ಏನಾದರೂ ಅಲುಗಾಡಿದಾಗ ಮಾತ್ರ ಅಲರ್ಟ್ ಬರುವಂತೆ ಇಡಿ. ಲೈವ್ ನೋಡುವಾಗ ಎಚ್‌ಡಿ ಬಿಟ್ಟು ಎಸ್‌ಡಿ ಒತ್ತಿ, ಮೋಟಾರ್ ಮನೆ ಬಾಗಿಲು ತೆರೆದಿದೆಯಾ ಅಂತ ನೋಡಲು ಅಷ್ಟು ಸಾಕು.

ಇನ್ನೊಂದು ಮಾತು. ಪ್ರೀಪೇಯ್ಡ್ ಸಿಮ್‌ಗೆ ಸಾಮಾನ್ಯವಾಗಿ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್ನೆಟ್ ವಿಳಾಸ) ಸಿಗಲ್ಲ. ಹಾಗಾಗಿ ಸಿಮ್ ಹಾಕಿದ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಕ್ಯಾಮೆರಾಗೆ ಕಳಿಸುವ ಸೆಟ್ಟಿಂಗ್) ಮಾಡಿದರೂ ಹೊರಗಿನಿಂದ ಕ್ಯಾಮೆರಾ ತೆರೆಯಲ್ಲ. ಕಂಪನಿಯ ಸರ್ವರ್ ಮೂಲಕ ವಿಡಿಯೋ ತೋರಿಸುವ ಕ್ಲೌಡ್ ಆ್ಯಪ್ ಇರುವ ಕ್ಯಾಮೆರಾವನ್ನೇ ಕೊಳ್ಳಿ, ಇಲ್ಲವೇ ರೌಟರ್‌ನಲ್ಲಿ ಟೇಲ್‌ಸ್ಕೇಲ್ ತರಹದ ವಿಪಿಎನ್ (ನಿಮ್ಮ ಫೋನಿಗೂ ತೋಟದ ರೌಟರ್‌ಗೂ ಖಾಸಗಿ ಸಂಪರ್ಕ ಕೊಡುವ ಸಾಫ್ಟ್‌ವೇರ್) ಹಾಕಿ. ಕ್ಯಾಮೆರಾ, ರೌಟರ್ ಜೊತೆ ಬರುವ ಡಿಫಾಲ್ಟ್ ಪಾಸ್‌ವರ್ಡ್ ಅವತ್ತೇ ಬದಲಿಸಿ.

ಸಿಮ್ ತೋಟದಲ್ಲಿರುವುದರಿಂದ ರೀಚಾರ್ಜ್ ಮೆಸೇಜ್ ನಿಮಗೆ ಕಾಣಲ್ಲ ಅಲ್ವಾ? ವ್ಯಾಲಿಡಿಟಿ ಮುಗಿಯುವ ಎರಡು ದಿನ ಮುಂಚೆ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ.